ಪೌಂಡ್ ಎನ್ನುತ್ತಿದ್ದ ಪತ್ರಿಕೆ ಕನ್ನಡ ಮಾತಾಡಿದ್ದು

"ಮೇಡಂ, ನಿಮ್ ವೆಬ್‌ಸೈಟ್ ತುಂಬ ಬರೀ ಪೌಂಡು, ಗ್ರೇವು, ಪೌಂಡು, ಗ್ರೇವು. ದುಡ್ಡು, ಗೋರಿ ಬಿಟ್ರೆ ತುಮಕೂರಲ್ಲಿ ಬೇರೆ ಸುದ್ದೀನೇ ಇಲ್ವಾ?"

ಫೋನಿನಲ್ಲಿ ಹೀಗೆ ಕೇಳಿದವರು ಅಪರಿಚಿತರು. ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆದರೆ ಧ್ವನಿಯಲ್ಲಿ ನಗುವಿದ್ದರೂ ಅವಹೇಳನ ಇರಲಿಲ್ಲ. ಅವರೇ ಮುಂದುವರಿಸಿದರು: "ನಂಗೆ ಕಣ್ ಕಾಣಲ್ಲಮ್ಮಾ. ನನ್ ಕಂಪ್ಯೂಟ್ರು ಎಲ್ಲಾ ಓದಿ ಹೇಳುತ್ತೆ. ನಿಮ್ ಪೇಪರ್ ಓದು ಅಂದ್ರೆ ಮಾತ್ರ ಹಿಂಗ್ ಮಾಡುತ್ತೆ. ಒಂದ್ ಸಲ ಬಂದು ಕೇಳುಸ್ಕೊಂಡು ಹೋಗಿ. ಗುಬ್ಬಿ ಏನು ದೂರ?"

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ತುಮಕೂರಿನಲ್ಲಿ ನಮ್ಮ ಅಬ್ಬಾ ಅವರದೊಂದು ಚಿಕ್ಕ ಪ್ರೆಸ್ ಇತ್ತು. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಮನೆಯಲ್ಲಿ ಉರ್ದು, ಪ್ರೆಸ್ಸಿನಲ್ಲಿ ಕನ್ನಡ ಆಡಿಕೊಂಡು ಬೆಳೆದವಳು ನಾನು. ತೊಂಬತ್ತರ ದಶಕದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಹೋಗಿ ಕಂಪ್ಯೂಟರ್ ಬಂದಾಗ ಡಿಟಿಪಿ ಕಲಿತೆ. ಆಮೇಲೆ ಸಂಜೆ ಕ್ಲಾಸಿಗೆ ಸೇರಿ ವೆಬ್ ಪೇಜ್ ಮಾಡುವುದನ್ನೂ ಕಲಿತೆ. ನಮ್ಮಲ್ಲಿ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆಯ ಸಂಪಾದಕರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು ಇದ್ದ ಹಿರಿಯರು, ಒಂದು ದಿನ ಪ್ರೂಫ್ ನೋಡುತ್ತಲೇ ಹೇಳಿದ್ದರು: "ಏನಮ್ಮಾ, ಎಲ್ರದೂ ವೆಬ್‌ಸೈಟ್ ಆಯ್ತಂತೆ. ನಮ್ದೂ ಒಂದು ಮಾಡ್ಬುಡು." ನಾನು ಪತ್ರಿಕೆಗೆ ಬಳಸುತ್ತಿದ್ದ ಫಾಂಟಿನಲ್ಲೇ ಸೈಟನ್ನೂ ಮಾಡಿದೆ. ಮುದ್ದಾಗಿ ಕಾಣುತ್ತಿತ್ತು. ನೋಡಿದವರೆಲ್ಲ ಹೊಗಳಿದ್ದರು.

ಆ ಭಾನುವಾರ ಗುಬ್ಬಿಯ ಬಸ್ಸು ಹತ್ತಿದೆ.

ಫೋನ್ ಮಾಡಿದ್ದವರು ತುಮಕೂರಿನ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ದಿನಾ ಗುಬ್ಬಿಯಿಂದ ರೈಲಿನಲ್ಲಿ ಓಡಾಡುತ್ತಿದ್ದರು. ನಲವತ್ತೈದರ ಆಸುಪಾಸು ಇರಬಹುದು. ಚಿಕ್ಕಂದಿನಲ್ಲೇ ದೃಷ್ಟಿ ಹೋಗಿತ್ತು. ಬೆಂಗಳೂರಿನಲ್ಲಿ ತರಬೇತಿ ಪಡೆದು, ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಬಳಸುವುದನ್ನು ಕಲಿತಿದ್ದರು. ಇಂಗ್ಲಿಷ್ ಸುದ್ದಿಗಳನ್ನು ಅದರಲ್ಲೇ ಕೇಳುತ್ತಿದ್ದರಂತೆ. ಕನ್ನಡ ಪತ್ರಿಕೆಗೆ ಮಾತ್ರ ಹೆಂಡತಿಯನ್ನು ಕಾಯಬೇಕಿತ್ತು.

"ನಾನ್ ಓದಿ ಹೇಳ್ತೀನಲ್ಲ, ಸಾಕಾಗಲ್ಲ ಇವ್ರಿಗೆ," ಎಂದು ಅವರ ಹೆಂಡತಿ ಕಾಫಿ ಲೋಟ ನನ್ನ ಕೈಗಿಟ್ಟರು.

"ಇವ್ಳು ಇವ್ಳಿಗೆ ಬೇಕಾದ್ದು ಓದ್ತಾಳೆ ಮೇಡಂ. ಅಡುಗೆ, ಸಿನಿಮಾ, ಯಾರ್ ಮನೇಲಿ ಕಳ್ಳತನ ಆಯ್ತು ಅಂತ. ನನ್ ಊರು ಕಡಬ. ನಂಗೆ ಬೇಕಾಗಿರೋದು ಕೆರೆಗೆ ನೀರು ಬಂತಾ ಅಂತ. ಅದ್ ಬಂದ್ ತಕ್ಷಣ ಒಲೆ ಮೇಲೆ ಹಾಲು ಉಕ್ಕುತ್ತೆ, ಎದ್ದು ಹೋಗ್ತಾಳೆ."

"ಹಾಲು ಉಕ್ಕಿದ್ರೆ ಕೆರೆ ಸುದ್ದಿ ಓದ್ಕಂಡು ಕೂತಿರ್ಲಾ?" ಎಂದು ಆಕೆ ನಕ್ಕರು.

ಅವರು ಕೀಬೋರ್ಡಿನ ಮೇಲೆ ಬೆರಳಾಡಿಸಿ ನಮ್ಮ ಪತ್ರಿಕೆಯ ಸೈಟ್ ತೆರೆದರು. ಮೌಸ್ ಮೇಜಿನ ಮೇಲೆ ಇರಲೇ ಇಲ್ಲ. ಸ್ಪೀಕರಿನಿಂದ ಒಬ್ಬ ಇಂಗ್ಲಿಷ್ ಗಂಡಸು ಉಸಿರು ಕಟ್ಟಿಕೊಂಡು ಹೇಳತೊಡಗಿದ: "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್..." ಪರದೆಯ ಮೇಲೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು 'ಕನ್ನಡ' ಎಂಬ ಪದ.

ಆಗ ನನಗೆ ಅರ್ಥವಾಯಿತು. ನಮ್ಮ ಫಾಂಟು ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಇರುವುದೆಲ್ಲ ಇಂಗ್ಲಿಷಿನ ಚಿಹ್ನೆಗಳು, ಮೇಲೆ ಕನ್ನಡದ ಅಂಗಿ ತೊಡಿಸಿದ್ದೇವೆ ಅಷ್ಟೇ. ನಾವು 'ನ' ಎಂದು ನೋಡುವ ಕಡೆ ಯಂತ್ರಕ್ಕೆ ಕಾಣುವುದು ಪೌಂಡಿನ ಗುರುತು, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಎಳೆದ ಎ; ಆ ಗೆರೆಯ ಹೆಸರೇ 'ಗ್ರೇವ್'. ಇಷ್ಟು ವರ್ಷ ಡಿಟಿಪಿ ಮಾಡಿದವಳಿಗೆ ಆ ಚಿಹ್ನೆಗಳು ಗೊತ್ತಿದ್ದವು. ಅವನ್ನು ಗಟ್ಟಿಯಾಗಿ ಓದಿದ್ದನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ನನ್ನ ಮೈಯಲ್ಲಿ ಒಂದು ಥರದ ಚುರುಕು ಓಡಾಡತೊಡಗಿತ್ತು. ಇದನ್ನು ಸರಿ ಮಾಡಬಹುದು ಎಂಬ ಚುರುಕು.

"ಸರ್, ಇದಕ್ಕೆ ದಾರಿ ಇದೆ," ಎಂದೆ. "ಯೂನಿಕೋಡ್ ಅಂತ ಬಂದಿದೆ. ಅದರಲ್ಲಿ ಕನ್ನಡದ ಅಕ್ಷರ ಒಳಗೂ ಕನ್ನಡವೇ. ಆದರೆ ಓದೋದಕ್ಕೆ ಕನ್ನಡದ ಧ್ವನಿ ಬೇಕಲ್ಲ?"

"ಅದೂ ಬಂದಿದೆಯಂತೆ ಮೇಡಂ, ಪುಕ್ಕಟೆ! ನಮ್ ಸ್ನೇಹಿತ್ರು ಹೇಳ್ತಿದ್ರು. ನಮ್ ಕಡೆ ಸುದ್ದಿ ಓದೋ ಸೈಟೇ ಇಲ್ವಲ್ಲ ಅಂತ ಹಾಕ್ಕೊಂಡಿಲ್ಲ. ನೀವ್ ಅದ್ ಮಾಡಿ, ನಾನ್ ಇದ್ ಹಾಕ್ಕೊತೀನಿ!"

ವಾಪಸು ಬರುವ ಬಸ್ಸಿನಲ್ಲಿ ನಿಂತೇ ಬಂದೆ. ಕೂರಲು ಜಾಗವಿದ್ದರೂ ಕೂರುವ ಮನಸ್ಸಿರಲಿಲ್ಲ.

ಮರುದಿನದಿಂದಲೇ ಶುರು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ಒಂದು ಪ್ರೋಗ್ರಾಮ್ ಸಿಕ್ಕಿತು. ಅದು ಎಲ್ಲವನ್ನೂ ಬದಲಿಸುತ್ತಿತ್ತು, ಅರ್ಕಾವೊತ್ತು ಬಂದಲ್ಲಿ ಮಾತ್ರ ಎಡವುತ್ತಿತ್ತು. 'ಸರ್ಕಾರ' ಹೋಗಿ 'ಸಕಾರ್ರ' ಆಗುತ್ತಿತ್ತು. ಅದನ್ನು ತಿದ್ದಿ ತಿದ್ದಿ ಕೊನೆಗೆ ನಾನೇ ಪ್ರೋಗ್ರಾಮಿನ ಆ ಭಾಗವನ್ನು ಬದಲಾಯಿಸಿದೆ.

ತಕರಾರು ತೆಗೆದವರು ಸಂಪಾದಕರು. ಹೊಸ ಪುಟ ನೋಡಿ ಅವರ ಮುಖ ಸಪ್ಪಗಾಯಿತು. "ಅಕ್ಷರ ಯಾಕೋ ಸೊರಗ್ದಂಗಿದೆ ಕಣಮ್ಮಾ. ನಮ್ಮಳಿಯನ್ ಕಂಪ್ಯೂಟ್ರಲ್ಲಿ ಬರೀ ಡಬ್ಬಿ ಡಬ್ಬಿ ಕಾಣುತ್ತಂತೆ. ಇದ್ದಿದ್ದು ಚೆನ್ನಾಗೇ ಇತ್ತಲ್ಲ?"

ಅವರು ಹೇಳಿದ್ದು ಸುಳ್ಳಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ಒಂದು ಸೆಟ್ಟಿಂಗ್ ಬದಲಿಸದಿದ್ದರೆ ಯೂನಿಕೋಡ್ ಅಕ್ಷರಗಳು ಚೌಕಗಳಾಗಿ ಕಾಣುತ್ತಿದ್ದವು. ಅದನ್ನು ಬದಲಿಸುವ ವಿಧಾನವನ್ನು ಮೊದಲ ಪುಟದಲ್ಲೇ ಚಿತ್ರಸಮೇತ ಹಾಕಿದೆ. ಆದರೂ ಅವರಿಗೆ ಸಮಾಧಾನವಿಲ್ಲ. ವಾದ ಮಾಡಿ ಪ್ರಯೋಜನವಿಲ್ಲ ಎನಿಸಿ, ಗುಬ್ಬಿಗೆ ಫೋನ್ ಮಾಡಿದೆ. ಅವರು ಅಷ್ಟರಲ್ಲಿ ಕನ್ನಡದ ಧ್ವನಿ ಹಾಕಿಕೊಂಡಿದ್ದರು. "ಸರ್, ಹೊಸ ಪುಟ ತೆಗೆದು, ರಿಸೀವರನ್ನು ಸ್ಪೀಕರ್ ಹತ್ತಿರ ಹಿಡಿಯಿರಿ," ಎಂದು ಹೇಳಿ, ನಮ್ಮ ರಿಸೀವರನ್ನು ಸಂಪಾದಕರ ಕೈಗೆ ಕೊಟ್ಟೆ. ನಾನೂ ಪಕ್ಕದಲ್ಲಿ ಕಿವಿಯಿಟ್ಟೆ.

ಮೊದಲು ಬರೀ ಗೊರಗೊರ. ಆಮೇಲೆ, ನೆಗಡಿಯಾದವನೊಬ್ಬ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ, ಒಂದೊಂದೇ ಅಕ್ಷರಕ್ಕೆ ಒತ್ತು ಕೊಟ್ಟು: "ಕಡಬ ಕೆರೆಗೆ ಹರಿದು ಬಂತು ನೀರು. ರೈತರಲ್ಲಿ ಸಂತಸ."

ಸಂಪಾದಕರು ಬಾಯಿ ತೆರೆದವರು ಮುಚ್ಚಲಿಲ್ಲ. ಅದು ಅವರೇ ಬರೆದ ಶೀರ್ಷಿಕೆ. ಆ ಕಡೆಯಿಂದ ಗುಬ್ಬಿಯ ಸರ್ ಕೂಗುತ್ತಿದ್ದರು: "ಕೇಳುಸ್ತಾ? ಕನ್ನಡ ಮೇಡಂ, ಕನ್ನಡ! ನೀರು ಬಂದದೆ! ಲೇ, ಬಾರೇ ಇಲ್ಲಿ, ನೀರು ಬಂದದೆ ಕಣೇ!" ಹೆಂಡತಿಯನ್ನು ಕರೆಯುತ್ತಿದ್ದರು. ಆ ಕಡೆ ರಿಸೀವರ್ ಕೆಳಗೆ ಬಿದ್ದ ಸದ್ದು ಕೇಳಿತು. ಆ ಕೂಗಿಗೆ ಅಬ್ಬಾ ಮೆಷಿನ್ ನಿಲ್ಲಿಸಿ ಓಡಿ ಬಂದರು, ಯಾರಿಗೋ ಏನೋ ಆಯಿತು ಎಂದು.

ಸಂಪಾದಕರು ಕಣ್ಣೊರೆಸಿಕೊಂಡು ಹೇಳಿದರು: "ನನ್ ಹೆಡ್ಡಿಂಗು ಇಷ್ಟು ಚೆನ್ನಾಗಿತ್ತಾ ಅಮ್ಮಾ?"

ಅಲ್ಲಿಂದ ಇಬ್ಬರನ್ನೂ ಹಿಡಿಯುವವರೇ ಇರಲಿಲ್ಲ. ಗುಬ್ಬಿಯ ಸರ್ ದಿನಾ ಸಂಜೆ ರೈಲಿಗೆ ಹೋಗುವ ಮುಂಚೆ ಪ್ರೆಸ್ಸಿಗೆ ಬರತೊಡಗಿದರು. ನಮ್ಮ ಕಂಪ್ಯೂಟರಿಗೂ ಓದಿ ಹೇಳುವ ಸಾಫ್ಟ್‌ವೇರ್ ಹಾಕಿಕೊಂಡೆ. ಅವರು ಒಂದೊಂದು ತೊಡಕು ಹೇಳುವುದು, ನಾನು ಅಲ್ಲೇ ಸರಿ ಮಾಡುವುದು, ಅವರು ಕೇಳಿ ನೋಡುವುದು. ಪ್ರತಿ ಸುದ್ದಿಯ ಕೆಳಗೆ 'ಮುಂದೆ ಓದಿ' ಎಂದು ಹಾಕಿದ್ದೆ. "ಬರೀ ಮುಂದೆ ಓದಿ, ಮುಂದೆ ಓದಿ ಅನ್ನುತ್ತೆ. ಏನನ್ನ ಓದ್ಲಿ?" ಎಂದರು. ಅಲ್ಲಿ ಸುದ್ದಿಯ ಹೆಸರು ಸೇರಿಸಿದೆ. ದಪ್ಪ ಅಕ್ಷರ ಮಾಡಿ ಬಿಟ್ಟಿದ್ದ ಶೀರ್ಷಿಕೆಗಳನ್ನು ಯಂತ್ರಕ್ಕೂ ಶೀರ್ಷಿಕೆ ಎಂದು ಗೊತ್ತಾಗುವ ಹಾಗೆ ಗುರುತು ಮಾಡಿದೆ. ಅವತ್ತು ಅವರು ಒಂದೇ ಕೀಲಿ ಒತ್ತೊತ್ತಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರುತ್ತ ಹೋದರು. "ನೋಡಿ, ಪೇಪರ್ ಮೇಲೆ ಕಣ್ಣಾಡ್ಸೋದು ಅಂತಾರಲ್ಲ, ಅದು ಇದೇ ಅಲ್ವಾ?" ಎಂದರು. ನಾನು ಹೌದು ಎಂದೆ. ಇನ್ನೊಂದು ಸಲ ಹಾರಿದರು.

ಯಂತ್ರ ಓದಿ ಹೇಳಲೆಂದು ಫೋಟೋಗಳ ಹಿಂದೆ ವಿವರಣೆ ಬರೆಯುವ ಕೆಲಸವನ್ನು ಸಂಪಾದಕರು ತಾವೇ ವಹಿಸಿಕೊಂಡರು. ಮೊದಮೊದಲು ಒಂದು ಫೋಟೋಗೆ ಒಂದು ಸಂಪಾದಕೀಯ ಬರೆದರು. ಹಿನ್ನೆಲೆಯ ಮೋಡ, ಹಾರದಲ್ಲಿದ್ದ ಹೂವಿನ ಜಾತಿ, ಶಾಸಕರ ಪಂಚೆಯ ಅಂಚು.

"ಸ್ವಾಮಿ, ನಂಗ್ ಟ್ರೈನ್ ಇದೆ," ಎಂದರು ಗುಬ್ಬಿಯ ಸರ್. "ಯಾರಿದಾರೆ, ಏನ್ ಮಾಡ್ತಾ ಇದಾರೆ, ಅಷ್ಟ್ ಸಾಕು."

"ಶಾಸಕ್ರು ಆಕಳಿಸ್ತಾ ಇದಾರೆ. ಬರೀಬೋದಾ?"

"ಅದನ್ನ ಮೊದ್ಲು ಬರೀರಿ!"

ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕುಣಿಗಲ್ಲಿನಲ್ಲಿ ಅಂಗವಿಕಲರ ಒಂದು ಗುಂಪು ನಮ್ಮನ್ನು ಕರೆಯಿತು. ಶಾಲೆಯ ಒಂದು ಕೊಠಡಿಯಲ್ಲಿ ಸೇರುತ್ತಿದ್ದರು. ಸಂಪಾದಕರು, ಗುಬ್ಬಿಯ ಸರ್, ನಾನು, ಮೂವರೂ ಪ್ರೆಸ್ಸಿನ ಕಂಪ್ಯೂಟರನ್ನು ಹಳೆ ಕಂಬಳಿಯಲ್ಲಿ ಸುತ್ತಿ, ಬಾಡಿಗೆ ಕಾರಿನಲ್ಲಿಟ್ಟುಕೊಂಡು ಹೋದೆವು. ಅಲ್ಲಿ ಇಂಟರ್‌ನೆಟ್ ಇರಲಿಲ್ಲವಾದ್ದರಿಂದ ಸೈಟನ್ನು ಕಂಪ್ಯೂಟರಿಗೇ ತುಂಬಿಸಿಕೊಂಡಿದ್ದೆ. ಯಂತ್ರ ಕನ್ನಡ ಮಾತಾಡಿದಾಗ ಕೊಠಡಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಗುಬ್ಬಿಯ ಸರ್ ಮದುಮಗನ ಹಾಗೆ ಕೂತಿದ್ದರು.

ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನಿಂದ ಒಬ್ಬ ಯುವತಿ ಕೇಳಿದಳು: "ಅಕ್ಕ, ನಂಗ್ ಕಣ್ ಚೆನ್ನಾಗಿದೆ. ಕೈಯೇ ಮಾತ್ ಕೇಳಲ್ಲ. ನಾನ್ ಹೆಂಗ್ ಓದ್ಲಿ?"

ಅವಳ ಕೈಗಳು ಹುಟ್ಟಿನಿಂದಲೇ ಬಿಗಿದುಕೊಂಡಿದ್ದವು. ಮೌಸ್ ಹಿಡಿಯಲಾರಳು. ಅಣ್ಣನ ಸೈಬರ್ ಅಂಗಡಿಯಲ್ಲಿ ಬೆರಳ ಗೆಣ್ಣಿನಿಂದ ಒಂದೊಂದೇ ಕೀಲಿ ಒತ್ತಿ ಟೈಪ್ ಮಾಡುತ್ತಿದ್ದಳಂತೆ. ಕಂಪ್ಯೂಟರ್ ಮುಂದೆ ಕೂರಿಸಿದೆವು. ಟ್ಯಾಬ್ ಒತ್ತಿದಳು, ಮತ್ತೆ ಒತ್ತಿದಳು, ಪರದೆ ಹುಡುಕಿದಳು. "ಈಗ್ ಎಲ್ಲಿದೀನಿ ಅಂತಾನೇ ಗೊತ್ತಾಗ್ತಿಲ್ಲ ಅಕ್ಕ."

ನಿಜ. ಟ್ಯಾಬ್ ಒತ್ತಿದಾಗ ಯಾವ ಕೊಂಡಿಯ, ಅಂದರೆ ಲಿಂಕಿನ, ಮೇಲೆ ಬಂದು ನಿಂತಿದ್ದೇವೆ ಎಂದು ತೋರಿಸುವ ಗೆರೆ, ಅಂದಗೆಡುತ್ತದೆ ಎಂದು ನಾನೇ ತೆಗೆದಿದ್ದೆ. ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೋಡ್ ತೆರೆದೆ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. "ಯಾವ ಬಣ್ಣ ಹಾಕಲಿ?" ಎಂದೆ. "ದೂರದಿಂದ ಕಾಣ್ಬೇಕು, ಕೆಂಪು ಹಾಕಿ!" ಎಂದಳು. ದಪ್ಪ ಕೆಂಪು ಚೌಕಟ್ಟು ಹಾಕಿ ಪುಟವನ್ನು ಮತ್ತೆ ತೆರೆದೆ. ಅವಳು ಗೆಣ್ಣಿನಿಂದ ಟ್ಯಾಬ್ ಒತ್ತಿದಳು. ಚೌಕಟ್ಟು ಮೊದಲ ಸುದ್ದಿಯ ಮೇಲೆ ಬಂತು. ಒತ್ತಿದಳು, ಎರಡನೆಯದಕ್ಕೆ. ಅವಳ ಗೆಣ್ಣು ಓಡುತ್ತಿತ್ತು, ಚೌಕಟ್ಟು ಓಡುತ್ತಿತ್ತು, ಹಿಂದೆ ನಿಂತವರು ವಿಡಿಯೋ ಗೇಮ್ ನೋಡುವವರ ಹಾಗೆ "ಕೆಳಕ್ಕೆ, ಕೆಳಕ್ಕೆ, ಅಲ್ಲೇ ನಿಲ್ಸು!" ಎಂದು ಕೂಗುತ್ತಿದ್ದರು. ಒಂದು ಸುದ್ದಿಯ ಮೇಲೆ ನಿಂತು ಎಂಟರ್ ಒತ್ತಿದಳು. ಪುಟ ತೆರೆಯಿತು. ಯಾರೂ ಓದಿ ಹೇಳಬೇಡಿ ಎಂದು ಎಲ್ಲರನ್ನೂ ಸುಮ್ಮನಿರಿಸಿ, ತಾನೇ ಕೊನೆಯವರೆಗೂ ಓದಿದಳು.

ಮುಂದಿನ ವಾರ ಸೈಟಿನ ಓದುಗರ ಅಂಕಣದಲ್ಲಿ ಕುಣಿಗಲ್ಲಿನ ಆ ಯುವತಿಯಿಂದ ಮೊದಲ ಪ್ರತಿಕ್ರಿಯೆ ಬಂತು. ಸಂಪಾದಕರು ಕನ್ನಡಕ ಏರಿಸಿ, ಅಬ್ಬಾ ಅವರಿಗೂ ಕೇಳಲಿ ಎಂದು ಗಟ್ಟಿಯಾಗಿ ಓದಿದರು. "ಮಾನ್ಯರೇ, ಕುಣಿಗಲ್ ದೊಡ್ಡಕೆರೆ ಬಗ್ಗೆ ತಾವು ಬರೆದ ಸುದ್ದಿ ಓದಿದೆ. ತಾವು ಕೆರೆಯ ಏರಿ ಕಡೆ ಬಂದೇ ಇಲ್ಲವೆಂದು ಕಾಣುತ್ತದೆ. ಬನ್ನಿ, ನಾನು ತೋರಿಸುತ್ತೇನೆ."

ಓದಿ ಮುಗಿಸಿ ಕನ್ನಡಕ ತೆಗೆದರು.

"ಬೈದವ್ಳೆ ಕಣಮ್ಮಾ!" ಎಂದರು ಸಂಪಾದಕರು. ಮುಖ ಅರಳಿತ್ತು. "ಸರ್ಯಾಗಿ ಬೈದವ್ಳೆ! ಫೋನ್ ಮಾಡು, ನಾಳೆನೇ ಬರ್ತೀವಿ ಅಂತ ಹೇಳು."