ಒಂಬತ್ತು ಹತ್ತರ ಫೆರಿ

…ಅಥವಾ ಬೇಡ ಎಂದವನು ನಾನೇ ಇರಬಹುದು. ಅಕ್ಕನೇ ಬೇಡವೆಂದಳು ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಮಾತಿಗೆ ಅವಳ ದನಿಯೂ ಬಂದುಬಿಟ್ಟಿದೆ. ಇವತ್ತು ಅಡುಗೆಮನೆಯ ಶೆಲ್ಫಿಗೆ ಹಾಸಲು ಹಳೆಯ ಕ್ಯಾಲೆಂಡರಿನ ಹಾಳೆ ಹರಿಯುತ್ತಿದ್ದಾಗ ಮೂರು ವರ್ಷದ ಹಿಂದಿನ ಜೂನ್ ಕೈಗೆ ಬಂತು. ಒಂದು ಶನಿವಾರದ ಮೇಲೆ ಅಕ್ಕನ ಕೈಬರಹದಲ್ಲಿ ‘ಗುಡ್ಡ’ ಎಂದಿದೆ. ಪಕ್ಕದ ಎರಡು ತಾರೀಖುಗಳನ್ನೂ ಮುಚ್ಚುವಷ್ಟು ದೊಡ್ಡ ಅಕ್ಷರ. ಅಷ್ಟು ದೊಡ್ಡದು ಯಾಕೆ ಎಂದು ಅವತ್ತು ನಾನು ಕೇಳಲಿಲ್ಲ. ಅದರ ಮೇಲೊಂದು ಕೆಂಪು ಗೀಟು. ಪೆನ್ನು ಕ್ಯಾಲೆಂಡರಿನ ಮೊಳೆಗೇ ದಾರ ಕಟ್ಟಿ ನೇತಾಡುತ್ತಿತ್ತು. ಯಾರು ಬೇಕಾದರೂ ಎಳೆದಿರಬಹುದು.

ಈ ದೂರದೇಶದಲ್ಲಿ ನನ್ನ ಮನೆ ಮಿಲ್ಟನ್ನಿನಲ್ಲಿ, ಅಕ್ಕನದು ಹತ್ತಿರದ ಜಾರ್ಜ್‌ಟೌನಿನಲ್ಲಿ. ಮಿಲ್ಟನ್ನಿನ ಬೆನ್ನಿಗೇ ಬಂಡೆಯ ದಿಣ್ಣೆಗಳಿವೆ, ಆದರೆ ಅಲ್ಲಿಂದ ಕಾಣುವುದು ಗೋದಾಮುಗಳ ಮಾಡು. ಒಂದು ಗುಡ್ಡ ಹತ್ತಬೇಕೆಂದಿದ್ದ ಅಕ್ಕನಿಗೆ ಅದು ಸಾಲದು.

“ಸುತ್ತ ನೀರಿರ್ಬೇಕು ಕಣೋ. ಮೇಲೆ ನಿಂತು ಒಂದು ಸುತ್ತು ತಿರುಗಿದ್ರೆ ಎಲ್ಲಾ ಕಡೆ ನೀರೇ ಕಾಣ್ಬೇಕು.”

ಹುಡುಕಿದೆ. ಉತ್ತರದ ಸರೋವರದಲ್ಲೊಂದು ದ್ವೀಪ, ಅದರ ಮೇಲೆ ಗಂಟೆಯೊಳಗೆ ಹತ್ತಬಹುದಾದ ಸಣ್ಣ ಗುಡ್ಡ. ನಸುಕಿಗೆ ಕಾರು ಬಿಟ್ಟರೆ ದ್ವೀಪಕ್ಕೆ ಹೋಗುವ ಒಂಬತ್ತು ಹತ್ತರ ಫೆರಿ ದೋಣಿ ಸಿಗುತ್ತದೆ. ಪುಳಿಯೋಗರೆಯೋ ಚಪಾತಿಯೋ ಎಂಬುದಕ್ಕೆ ಒಂದು ಭಾನುವಾರವೇ ಹೋಯಿತು. ನಾನು ಎಂಜಿನಿಯರು, ಎಲ್ಲವನ್ನೂ ಎಕ್ಸೆಲ್‌ನಲ್ಲಿ ಹಾಕಿದೆ. ಕೊನೆಗೆ, ಸುಮ್ಮನೆ ಎಂಬಂತೆ, ಗೋಡೆಯ ಕ್ಯಾಲೆಂಡರು ನೋಡಿದೆ. ಪ್ರತಿ ವರ್ಷ ಯಾರದಾದರೂ ಸೂಟ್‌ಕೇಸಿನಲ್ಲಿ ಸುರುಳಿಯಾಗಿ ಬೆಂಗಳೂರಿನಿಂದ ಬರುವ ಕ್ಯಾಲೆಂಡರು. ಶನಿವಾರ ರಾಹುಕಾಲ ಒಂಬತ್ತರಿಂದ ಹತ್ತೂವರೆ.

ನಾನು ಇದನ್ನೆಲ್ಲ ನಂಬುವವನಲ್ಲ. ನಂಬದವನ ಹೆದರಿಕೆ ಮಾತ್ರ ನನಗಿದೆ, ಅದು ನಂಬಿದವರದಕ್ಕಿಂತ ಗಟ್ಟಿ. ದೋಣಿ ಹತ್ತುವ ಗಳಿಗೆಯೇ ಹೀಗಾದರೆ? ಮುಂದಿನ ಫೆರಿ ಮಧ್ಯಾಹ್ನಕ್ಕೆ. ಅದರಲ್ಲಿ ಹೋದರೆ ಸಂಜೆಯ ಕೊನೆಯ ಫೆರಿಯೊಳಗೆ ಹತ್ತಿ ಇಳಿಯಲು ಹೊತ್ತಿಲ್ಲ. ಭಾನುವಾರವಾದರೆ ರಾಹುಕಾಲ ಸಂಜೆ ನಾಲ್ಕೂವರೆಗೆ, ಸರಿಯಾಗಿ ವಾಪಸು ಬರುವ ಫೆರಿಗೆ.

ಅಕ್ಕ ನಕ್ಕಳು. “ಹೋಗೋವಾಗ್ಲೂ ರಾಹು, ಬರೋವಾಗ್ಲೂ ರಾಹು. ಅವನಿಗೂ ಒಂದು ಟಿಕೆಟ್ ತಗೊಂಡ್ಬಿಡೋ.”

ಇಲ್ಲಿಯವರೆಗೆ ಸರಿ. ಇದಾದ ಮೇಲೆ ನೆನಪು ಕವಲಾಗುತ್ತದೆ. ಒಂದರಲ್ಲಿ ಅಕ್ಕ ಕಾಫಿ ಲೋಟ ಕೆಳಗಿಟ್ಟು, “ಬಿಡು, ಆಗಸ್ಟಲ್ಲಿ ನೋಡೋಣ” ಅನ್ನುತ್ತಾಳೆ. ಇನ್ನೊಂದರಲ್ಲಿ ಲೋಟ ಇಡುವವನು ನಾನು. ಎರಡರಲ್ಲೂ ಲೋಟದ ಸದ್ದು ಒಂದೇ. ಅಷ್ಟು ಚೆನ್ನಾಗಿ ಕೇಳಿಸುತ್ತದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಮೂರು ವರ್ಷದ ಹಿಂದಿನ ಯಾವುದಾದರೂ ಲೋಟದ ಸದ್ದು ನಿಮಗೆ ನೆನಪಿದೆಯೇ?

ಆಗಸ್ಟಿನಲ್ಲಿ ನನಗೆ ಆಫೀಸು ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ. ಅಕ್ಟೋಬರಿನಲ್ಲಿ ಚಳಿಗಾಲಕ್ಕೆಂದು ಫೆರಿ ನಿಂತಿತು. ಆ ಚಳಿಗಾಲದಲ್ಲೇ ಅಕ್ಕನ ಕಣ್ಣು ಹೋಗತೊಡಗಿತು, ಮೊದಲು ನೋಟದ ನಡುಭಾಗ. “ನಿನ್ನ ಮುಖ ಹೋಯ್ತು ಕಣೋ, ಕಿವಿ ಎರಡು ಉಳಿದಿವೆ” ಎಂದು ತಮಾಷೆ ಮಾಡಿದಳು. ಈಗ ಆ ಕಿವಿಗಳೂ ಕಾಣುವುದಿಲ್ಲ. ಕಿಟಕಿ ಯಾವ ಕಡೆಗಿದೆ ಎಂದಷ್ಟೇ ಗೊತ್ತಾಗುತ್ತದಂತೆ.

ಹಾಳೆ ಹಿಡಿದುಕೊಂಡೇ ಅವಳ ಮನೆಗೆ ಫೋನು ಮಾಡಿದೆ. ಎತ್ತಿದವಳು ಅವಳ ಮಗಳು ಅನಘಾ. ಅವತ್ತು ಬೇಡ ಅಂದದ್ದು ಯಾರು, ನೆನಪಿದೆಯಾ ಎಂದು ಕೇಳಿದೆ.

“ಐ ಡೋಂಟ್ ನೋ, ಮಾಮಾ. ಬಟ್ ಅಮ್ಮ ಹ್ಯಾಡ್ ಆಲ್ರೆಡಿ ಬಾಟ್ ದ ಶೂಸ್. ಸ್ಟಿಲ್ ಇನ್ ದ ಕ್ಲಾಸೆಟ್.”

ಗುಡ್ಡಕ್ಕೆಂದು ಶೂ ಕೊಂಡಿದ್ದಳೆಂದಾಗಲಿ, ಅವು ಇನ್ನೂ ಕಪಾಟಿನಲ್ಲಿವೆಯೆಂದಾಗಲಿ ನನಗೆ ಗೊತ್ತಿರಲಿಲ್ಲ.

ಅಕ್ಕ ಫೋನಿಗೆ ಬರುವಷ್ಟರಲ್ಲಿ ನಾನು ಮೂರು ವರ್ಷದ ಹಿಂದೆ ಮಾಡಬೇಕಿದ್ದ ಲೆಕ್ಕ ಮಾಡಿದೆ. ರಾಹುಕಾಲ ಹುಟ್ಟುವುದು ಆಯಾ ಊರಿನ ಸೂರ್ಯೋದಯದಿಂದ. ಇಲ್ಲಿಯ ಜೂನ್ ಹಗಲು ಉದ್ದ. ಅದನ್ನು ಎಂಟು ಭಾಗ ಮಾಡಿದರೆ ಮೂರನೆಯ ಭಾಗ, ಅಂದರೆ ಶನಿವಾರದ ರಾಹುಕಾಲ, ಶುರುವಾಗುವುದೇ ಒಂಬತ್ತೂವರೆ ಹೊತ್ತಿಗೆ. ಒಂಬತ್ತು ಹತ್ತರ ಫೆರಿಗೆ ಯಾವ ದೋಷವೂ ಇರಲಿಲ್ಲ. ನಾನು ಹೆದರಿದ್ದು ಬೆಂಗಳೂರಿನ ಸೂರ್ಯನಿಗೆ.

ಅದನ್ನು ಅಕ್ಕನಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

“ಅವತ್ತು ಬೇಡ ಅಂದಿದ್ದು ಯಾರಕ್ಕಾ?”

“ಯಾರಂದ್ರೇನೋ ಈಗ. ಅದಿರ್ಲಿ, ಆ ಗುಡ್ಡದ ಮೇಲಿಂದ ನಿಜ್ವಾಗ್ಲೂ ಎಲ್ಲಾ ಕಡೆ ನೀರು ಕಾಣತ್ತಾ?”

ಕಂಪ್ಯೂಟರಿನಲ್ಲಿ ನೋಡಿದ ಫೋಟೋಗಳಿದ್ದವು. ನೀಲಿ, ಇನ್ನಷ್ಟು ನೀಲಿ ಎಂದು ಏನಾದರೂ ಹೇಳಬಹುದಿತ್ತು. “ಗೊತ್ತಿಲ್ಲಕ್ಕಾ” ಎಂದೆ.

ಆ ಜೂನಿನಲ್ಲಿ ಅವಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದು, “ಏನಿಲ್ಲ, ಕನ್ನಡಕದ ನಂಬರ್ ಚೇಂಜ್ ಆಗಿದೆ ಅಷ್ಟೆ” ಎಂದಿದ್ದಳು. ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಯುವಾಗ ಕಣ್ಣಿಗೆ ಉಳಿದಿರುವುದು ಅದೊಂದೇ ಬೇಸಿಗೆ ಎಂದು ಅವಳಿಗೆ ಗೊತ್ತಿತ್ತೇ? ನನಗೆ ತಿಳಿಯದು. ಕೆಂಪು ಗೀಟು ಎಳೆದ ಕೈ ಯಾವುದೆಂದೂ ತಿಳಿಯದು.