ನಮ್ಮಪ್ಪನಿಗೆ ಹಿಂದಿಯಲ್ಲಿ ಏನಂತಾರೆ?

ಕನ್ನಡಿ ನಗುವುದಿಲ್ಲ ಎಂದುಕೊಂಡೇ ನಾನು ಅಲ್ಲಿಯವರೆಗೆ ಬದುಕಿದ್ದೆ. ಎಂ.ಎ. ಮನಶ್ಶಾಸ್ತ್ರಕ್ಕೆ ಸೇರಲು ಬಂದ ಮೊದಲ ದಿನ ವಿಭಾಗದ ಜವಾನ ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ ಹೋದ. ಎದುರಿನ ಗೋಡೆಯ ಅರ್ಧ ಭಾಗ ಕನ್ನಡಿ. ಅರಸೀಕೆರೆಯಲ್ಲಿ ರೈಲು ಹತ್ತಿ, ಮಧ್ಯೆ ಇನ್ನೊಂದಕ್ಕೆ ಬದಲಾಯಿಸಿಕೊಂಡು ಬಂದವಳು. ಮುಖ ನೋಡುವ ಹಾಗಿರಲಿಲ್ಲ. ಸುತ್ತ ಯಾರೂ ಇಲ್ಲವಲ್ಲ ಎಂದು ಎದ್ದು ಹೋಗಿ ಜಡೆ ಬಿಚ್ಚಿ ಹೆಣೆದುಕೊಂಡೆ, ದುಪಟ್ಟಾದ ಪಿನ್ನು ಸರಿ ಮಾಡಿಕೊಂಡೆ, ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿದೆಯೇ ಎಂದು ಬಾಯಿ ಕಿಸಿದು ನೋಡಿದೆ. ಕನ್ನಡಿ ನಕ್ಕಿತು. ಒಬ್ಬರ ನಗುವಲ್ಲ, ಒಂದು ತರಗತಿಯ ನಗು.

ಆಮೇಲೆ ತಿಳಿಯಿತು, ಅದು ಈ ಕಡೆಯಿಂದ ಕನ್ನಡಿ, ಆ ಕಡೆಯಿಂದ ಕಿಟಕಿ. ಕತ್ತಲೆ ಕೋಣೆಯಲ್ಲಿ ವಿದ್ಯಾರ್ಥಿಗಳು ಕೂತು, ಈಚೆ ಕೂತ ರೋಗಿಯನ್ನು ಅವನಿಗೆ ತಿಳಿಯದಂತೆ ನೋಡಿ ಕಲಿಯುವ ಏರ್ಪಾಡು. ಹೊಸಬರನ್ನು ಅಲ್ಲಿ ಕೂರಿಸಿ ನೋಡಿ ನಗುವುದು ಸೀನಿಯರ್‌ಗಳ ವಾಡಿಕೆಯಂತೆ. ನನಗೆ ಅಂದು ನಾಚಿಕೆಯಾಗಲಿಲ್ಲ, ಹೇಸಿಗೆಯಾಯಿತು. ಆ ಹೇಸಿಗೆ ಇನ್ನೂ ಪೂರ್ತಿ ಹೋಗಿಲ್ಲ.

ನಾನಿರುವ ಊರಿನ ಹೆಸರು ಹೇಳುವುದಿಲ್ಲ, ಉತ್ತರದ ಕಡೆಯದು ಎಂದಷ್ಟು ತಿಳಿದರೆ ಸಾಕು. ವಿಶ್ವವಿದ್ಯಾಲಯದ ಮಾಹಿತಿ ಪುಸ್ತಕ ಹಗರೆಯ ನಮ್ಮ ಮನೆಗೆ ಅಂಚೆಯಲ್ಲಿ ಬಂದಾಗ ಅಪ್ಪ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದರು. ಅಪ್ಪ ಶಾಲಾ ಮೇಷ್ಟರು, ಓದಿದ್ದನ್ನೆಲ್ಲ ನಂಬುವವರು. ಸುಸಜ್ಜಿತ ಪ್ರಯೋಗಾಲಯ, ಪ್ರಾಣಿ ಪ್ರಯೋಗ ಶಾಲೆ, ಮನೋಪರೀಕ್ಷೆಗಳ ಸಂಗ್ರಹ, ಅಪಾರ ಗ್ರಂಥಾಲಯ, ಸಾರ್ವಜನಿಕರಿಗೆ ಉಚಿತ ಸಲಹಾ ಕೇಂದ್ರ, ಮಹಿಳೆಯರಿಗೆ ಪ್ರತ್ಯೇಕ ವಸತಿ. ಹಾಲಿನ ಡೈರಿಗೆ ಕ್ಯಾನು ಹೊತ್ತುಕೊಂಡು ಹೋಗುತ್ತಿದ್ದವರನ್ನೂ ನಿಲ್ಲಿಸಿ ಅಪ್ಪ ಈ ಸೌಲಭ್ಯಗಳ ವರ್ಣನೆ ಮಾಡಿದ್ದರು.

ಎಲ್ಲವೂ ಇದ್ದವು, ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಉಪಕರಣಗಳು ಗೋದ್ರೇಜ್ ಬೀರುಗಳ ಒಳಗಿದ್ದವು, ಬೀರುಗಳಿಗೆ ಬೀಗ, ಬೀಗಕ್ಕೆ ಅರಗಿನ ಮುದ್ರೆ. ತಪಾಸಣೆಯ ಸಮಿತಿ ಬಂದಾಗ ಮುದ್ರೆ ಒಡೆದು, ಒರೆಸಿ, ಮೇಜಿನ ಮೇಲೆ ಜೋಡಿಸಿ, ಅವರು ಹೋದ ಮೇಲೆ ಮತ್ತೆ ಅರಗು ಕರಗಿಸುತ್ತಿದ್ದರು. ನಾವು ಆ ಯಂತ್ರಗಳ ಚಿತ್ರ ಬರೆದು ಪ್ರಾಕ್ಟಿಕಲ್ ಪಾಸಾದೆವು. ಪ್ರಾಣಿ ಪ್ರಯೋಗ ಶಾಲೆಯಲ್ಲಿ ಪಂಜರಗಳಿದ್ದವು, ಇಲಿಗಳಿರಲಿಲ್ಲ. ಹಾಸ್ಟೆಲಿನ ಅಡಿಗೆಮನೆಯಲ್ಲಿ ಇಲಿಗಳಿದ್ದವು, ಪಂಜರವಿರಲಿಲ್ಲ. ಮಸಿಯ ಕಲೆ ತೋರಿಸಿ ಏನು ಕಾಣುತ್ತದೆ ಎಂದು ಕೇಳುವ ಪರೀಕ್ಷೆಯ ಕಾರ್ಡೊಂದರ ಮೇಲೆ ಯಾರೋ ಚಹದ ಲೋಟ ಇಟ್ಟಿದ್ದರು. ರೋಗಿಗಳೆಲ್ಲ ಆ ಕಾರ್ಡಿನಲ್ಲಿ ಚಂದ್ರನನ್ನು ಕಾಣುತ್ತಿದ್ದರು, ಪ್ರೊಫೆಸರರು ಅದಕ್ಕೆ ಅರ್ಥ ಬರೆಯುತ್ತಿದ್ದರು.

ಗ್ರಂಥಾಲಯದ ಮಾತು ಎತ್ತಿದರೆ ಈಗಲೂ ಮೈ ಉರಿಯುತ್ತದೆ. ಒಳ್ಳೆಯ ಪುಸ್ತಕ ತೆರೆದರೆ ಬೇಕಾದ ಅಧ್ಯಾಯ ಮಾತ್ರ ಇರುತ್ತಿರಲಿಲ್ಲ, ಬ್ಲೇಡಿನಿಂದ ನೀಟಾಗಿ ಕೊಯ್ದು ತೆಗೆದಿರುತ್ತಿದ್ದರು. ಕೊಯ್ದವರು ಕಳ್ಳರಲ್ಲ, ಹಿಂದಿನ ವರ್ಷಗಳ ರ‍್ಯಾಂಕ್ ವಿದ್ಯಾರ್ಥಿಗಳು. ಅವರಲ್ಲಿ ಕೆಲವರು ನಮಗೆ ಪಾಠ ಮಾಡುತ್ತಿದ್ದರು. ಹಳೇಬೀಡಿನ ಗೋಡೆಗಳಲ್ಲಿ ಕೈ ಮುರಿದ, ಮೂಗು ಹೋದ ಮೂರ್ತಿಗಳನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಅವನ್ನು ಒಡೆದವರನ್ನು ಬೈಯುವುದಕ್ಕಾದರೂ ಬರುತ್ತದೆ. ಇಲ್ಲಿ ಒಡೆದವರಿಗೇ ಎದ್ದು ನಿಂತು ನಮಸ್ಕಾರ ಹೇಳಬೇಕಿತ್ತು.

ನನ್ನ ಹೆಸರಿಗೂ ಗತಿ ಕಾಣಿಸಿದರು. ನಮ್ಮ ಕಡೆ ಇನಿಷಿಯಲ್ ಎಂದರೆ ಊರು, ಅಪ್ಪ, ಆಮೇಲೆ ನಾವು. ಎಚ್. ಎಂ. ಸುಜಾತ ಎಂದರೆ ಇವರಿಗೆ ಸಾಲದು. ‘ಪೂರಾ ನಾಮ್?’ ಎಂದು ಕೇಳುತ್ತಾರೆ, ಪೂರ್ತಿ ಹೆಸರೇನು ಅಂತ. ಕೇಳುವುದು ಹೆಸರನ್ನಲ್ಲ, ಜಾತಿಯನ್ನು. ನಮ್ಮೂರಿನವರೂ ಕೇಳುತ್ತಾರೆ, ನಾನೇನು ನಮ್ಮೂರನ್ನು ಹೊಗಳುತ್ತಿಲ್ಲ. ಆದರೆ ಯಾವ ಜನ ಎಂದು ನೇರವಾಗಿ ಕೇಳಿಬಿಡುತ್ತಾರೆ, ಹಲ್ಲು ಕಿರಿದು ಕೇಳುವುದಿಲ್ಲ. ನಮ್ಮದು ಬೌದ್ಧರಾದ ಕುಟುಂಬ. ನಾನು ಬೇಕೆಂತಲೇ ಹಗರೆ ಮಂಜಯ್ಯ ಸುಜಾತ ಎಂದು ಬಿಡಿಸಿ ಹೇಳಿದೆ. ಗುಮಾಸ್ತ ಮೊದಲನೆಯದನ್ನೇ ಹೆಸರೆಂದು ಬರೆದುಕೊಂಡ. ಅಂದಿನಿಂದ ನಾನು ‘ಹಗರೇ ಜೀ’. ಬೇಲೂರು ರಸ್ತೆಯ ಒಂದು ಬಸ್‌ಸ್ಟಾಪು ಉತ್ತರ ಭಾರತದಲ್ಲಿ ಮನಶ್ಶಾಸ್ತ್ರ ಓದಿತು.

ಊಟ, ಸಾಸಿವೆ ಎಣ್ಣೆಯದು. ಸಾಸಿವೆಯನ್ನು ಒಗ್ಗರಣೆಗೆ ಚಿಟಿಕೆ ಹಾಕುವವರು ನಾವು. ಇವರು ಅದರ ಎಣ್ಣೆಯಲ್ಲೇ ಆಲೂಗಡ್ಡೆ ಮುಳುಗಿಸುತ್ತಾರೆ. ಆ ಘಾಟು ಹಾಸಿಗೆಗೆ, ತಲೆಗೂದಲಿಗೆ, ಪುಸ್ತಕಕ್ಕೆ ಹತ್ತಿಕೊಂಡಿತ್ತು. ಒಂದು ದಿನ ಹಾಸ್ಟೆಲಿನ ಹಿಂದೆ ಕರಿಬೇವಿನ ಗಿಡ ಕಂಡೆ. ಅವರು ಅದನ್ನು ‘ಮೀಠಾ ನೀಮ್’ ಅನ್ನುತ್ತಾರೆ, ಸಿಹಿ ಬೇವು. ನಮ್ಮ ಹಾಸ್ಟೆಲಿನಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಎಲೆ ಕಿತ್ತು ಮೂಸಿದಾಗ ಅಳು ಬಂತು. ನನ್ನದೊಂದು ಗೆಲುವೂ ಇದೆ. ವಿಭಾಗದ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿ ಹಳೆಯ ಉತ್ತರಪತ್ರಿಕೆ ತುಂಬಿಟ್ಟಿದ್ದರು. ನಾನು ಪ್ರತಿ ಪೀರಿಯಡ್ಡಿನ ನಡುವೆ ಎದ್ದು ನಿಂತು ಕೀಲಿ ಕೇಳಿದೆ. ಪಾಠ ಮಾಡುವವರಿಗೆ ಮುಜುಗರವಾಗಿ, ಕೊನೆಗೆ ಕಾಗದಗಳನ್ನು ಬೇರೆ ಕಡೆ ಸಾಗಿಸಿದರು. ನನ್ನ ಎಂ.ಎ.ಯ ಮುಖ್ಯ ಸಾಧನೆ ಅದೇ ಎಂದು ಈಗಲೂ ಹೇಳುತ್ತೇನೆ.

ಭಾಷೆಯ ಒಂಟಿತನ ಬೇರೆ. ಹಿಂದಿ ಬೇಗ ಬಂತು. ಆದರೆ ಇಡೀ ದಿನ ಹಿಂದಿ ಆಡಿದ ನಾಲಿಗೆಗೆ ಸಾಕಾಗಿ, ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ನನ್ನೊಂದಿಗೆ ನಾನೇ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆ. ವಿಭಾಗದ ಮುಖ್ಯಸ್ಥರನ್ನು ಬಾಯಿತುಂಬ ಬೈಯುತ್ತಿದ್ದೆ. ಹೊರಗೆ ಕೇಳಿಸಿದರೂ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಎರಡನೇ ವರ್ಷ ರತ್ನಮ್ಮ ಬಂದಳು. ಊರ ಹೊರಗೆ ಅರೆಸೇನಾ ಪಡೆಯ ಕ್ಯಾಂಪಿತ್ತು. ಅಲ್ಲಿನ ಹವಾಲ್ದಾರ್ ನಂಜಪ್ಪನ ಹೆಂಡತಿ ಊಟ ಬಿಟ್ಟಿದ್ದಾಳೆ, ಒಬ್ಬಳೇ ಗಟ್ಟಿಯಾಗಿ ಮಾತಾಡುತ್ತಾಳೆ ಎಂದು ಅಕ್ಕಪಕ್ಕದ ಕ್ವಾರ್ಟರ್ಸಿನವರು ದೂರಿದರಂತೆ. ಕ್ಯಾಂಪಿನ ಡಾಕ್ಟರು ನಮ್ಮ ಸಲಹಾ ಕೇಂದ್ರಕ್ಕೆ ಕಳಿಸಿದರು. ಅವಳಿಗೆ ಹಿಂದಿ ಬಾರದು. ಗಂಡನೇ ಕೂತು ಅವಳ ಮಾತನ್ನು ಹಿಂದಿಗೆ ಇಳಿಸುತ್ತಿದ್ದ. ಮುಖ್ಯಸ್ಥರು ಅವರನ್ನು ನೋಡಿ ತರಗತಿಗೆ ಬಂದು ಕೈ ಉಜ್ಜಿಕೊಂಡರು. ಪಾಠದ ಪುಸ್ತಕದಿಂದ ಎದ್ದು ಬಂದ ಕೇಸು ಎಂದರು. ಅವಳ ತಂದೆ ತೀರಿಕೊಂಡು ವರ್ಷಗಳಾಗಿವೆ. ಆದರೆ ಆ ತಂದೆ ಬೆಟ್ಟದ ಮೇಲಿಂದ ತನ್ನನ್ನು ನೋಡುತ್ತಾನೆ, ಕರೆಯುತ್ತಾನೆ, ತಾನು ಅವನ ಜೊತೆ ಮಾತಾಡುತ್ತೇನೆ ಅನ್ನುತ್ತಾಳೆ. ಮಾರನೆಯ ದಿನ ಆ ಕನ್ನಡಿ ಕೋಣೆಯಲ್ಲಿ ಕೂರಿಸಿ ನಮಗೆಲ್ಲ ತೋರಿಸಿ, ಆಮೇಲೆ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಲು ಬರೆದುಕೊಡುತ್ತೇನೆ ಎಂದರು. ಅವಳು ಯಾವ ಊರಿನವಳು ಎಂದು ನಾನು ಕೇಳಿದೆ. ‘ನಿಮ್ಮ ಮದ್ರಾಸ್ ಕಡೆಯವರೇ’ ಎಂದರು. ವಿಂಧ್ಯದ ಕೆಳಗಿನದೆಲ್ಲ ಇವರಿಗೆ ಮದ್ರಾಸು.

ಮಾರನೆಯ ದಿನ ಕತ್ತಲೆ ಕೋಣೆಯಲ್ಲಿ ನಾವು ಕೂತೆವು. ನನ್ನ ಸಹಪಾಠಿಗಳು ಸಿನಿಮಾಕ್ಕೆ ಬಂದವರ ಹಾಗೆ ಕಡಲೆಕಾಯಿ ಪೊಟ್ಟಣ ತಂದಿದ್ದರು. ಗಾಜಿನ ಆಚೆ ಒಂದು ಹೆಣ್ಣುಮಗಳು, ನನಗಿಂತ ಸ್ವಲ್ಪ ದೊಡ್ಡವಳು, ಕುರ್ಚಿಯ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಸಮವಸ್ತ್ರದ ಗಂಡ. ಎದುರು ಮುಖ್ಯಸ್ಥರು. ಗೋಡೆಯ ಸ್ಪೀಕರಿನಿಂದ ಅವಳ ಧ್ವನಿ ಬಂತು.

“ನಾನೇನ್ ಹೆದ್ರಕಳಲ್ಲ. ನಮ್ಮಪ್ಪ ಅವ್ನೆ, ಬೆಟ್ಟದ ಮ್ಯಾಲೆ ಕುಂತ್ಕಂಡು ಎಲ್ಲಾ ನೋಡ್ತಾವ್ನೆ. ಅವ್ನ್ ತಾವ ಮಾತಾಡ್ದೆ ಇನ್ಯಾರ್ ತಾವ ಮಾತಾಡ್ಲಿ?”

ಗಂಡ ಪರೇಡಿನ ಹಿಂದಿಯಲ್ಲಿ ಎದೆ ಸೆಟೆದು ಅನುವಾದಿಸಿದ: ‘ಸರ್, ಇಸ್ಕಾ ಬಾಪ್ ಪಹಾಡ್ ಪರ್ ಬೈಠಾ ಹೈ, ಸಬ್ ದೇಖ್ತಾ ಹೈ.’ ಇವಳ ತಂದೆ ಗುಡ್ಡದ ಮೇಲೆ ಕೂತು ಎಲ್ಲ ನೋಡುತ್ತಾನೆ ಎಂದು. ನನ್ನ ಹಿಂದೆ ಕೂತವರು ಕಿಸಕ್ಕೆಂದರು. ಕಡಲೆಕಾಯಿ ಸಿಪ್ಪೆ ಒಡೆಯುವ ಸದ್ದು ನಿಲ್ಲಲಿಲ್ಲ.

ನಮ್ಮ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬುದ್ಧನ ಪಟದ ಕೆಳಗೆ ಮಲಗುತ್ತಿದ್ದ ನಮ್ಮಜ್ಜಿ ಕೂಡ ಮಾಲೇಕಲ್ಲು ಬೆಟ್ಟ ಹತ್ತಿ ಬಂದು, ನಮ್ಮಪ್ಪನ ದರ್ಶನ ಚೆನ್ನಾಗಾಯ್ತು ಅನ್ನುತ್ತಿದ್ದಳು. ಅಪ್ಪ ಎಷ್ಟು ವಾದ ಮಾಡಿದರೂ ಬಿಡುತ್ತಿರಲಿಲ್ಲ. ನಮ್ಮಪ್ಪ ಎಂದರೆ ತಿಮ್ಮಪ್ಪ, ಬೆಟ್ಟದ ಮೇಲಿನ ವೆಂಕಟರಮಣ. ಇಷ್ಟು ತಿಳಿಯದೆ ಒಬ್ಬ ಹೆಂಗಸನ್ನು ಹುಚ್ಚಾಸ್ಪತ್ರೆಗೆ ತಳ್ಳಲು ಕಾಗದ ಸಿದ್ಧವಾಗಿತ್ತು. ಒಮ್ಮೆ ಆ ಬಾಗಿಲು ಹೊಕ್ಕು ಬಂದವಳನ್ನು ನಮ್ಮ ಊರುಗಳು ಹೇಗೆ ನೋಡುತ್ತವೆ ಎಂಬುದೂ ನನಗೆ ಗೊತ್ತಿತ್ತು. ಗಂಡ ಬೇರೆ ಮದುವೆಯಾಗುತ್ತಾನೆ, ತವರಿನವರು ಹಿಂದಿನ ಕೋಣೆಗೆ ಹಾಕುತ್ತಾರೆ.

ಕತ್ತಲೆ ಕೋಣೆಯಲ್ಲಿದ್ದವರು ಆಚೆ ಹೋಗಬಾರದು ಎಂಬುದು ನಿಯಮ. ನಾನು ಎದ್ದು, ಸುತ್ತಿ ಬಂದು, ಬಾಗಿಲು ತೆಗೆದು ಒಳಗೆ ಹೋಗಿ ಅವಳ ಪಕ್ಕ ಕೂತೆ. ಯಾವೂರಕ್ಕ ಎಂದು ಕನ್ನಡದಲ್ಲಿ ಕೇಳಿದೆ. ಅವಳು ನನ್ನ ಬಾಯನ್ನೇ ನೋಡಿದಳು. ಅರಸೀಕೆರೆ ತಾವ, ಮಾಲೇಕಲ್ ಬುಡದಲ್ಲೇ ಎಂದವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು. ಊಟ ಯಾಕಕ್ಕ ಬಿಟ್ಟೆ ಎಂದರೆ, ಈ ಸಾಸ್ವೆ ಎಣ್ಣೆ ಗಂಟ್ಲಲ್ಲಿ ಇಳಿಯಕಿಲ್ಲ, ಮಾತಾಡನ ಅಂದ್ರೆ ಮನೇಲಿ ಜನ ಇಲ್ಲ ಎಂದಳು.

ನಾನು ಗಂಡನತ್ತ ತಿರುಗಿ, ಇವರು ಹೇಳುತ್ತಿರುವುದು ತಿಮ್ಮಪ್ಪನನ್ನಲ್ಲವೇ ಎಂದೆ. ಅವನು ಕಣ್ಣು ಕಣ್ಣು ಬಿಟ್ಟ.

“ಹೌದು ಕಣ್ರೀ. ಅಪ್ಪನಿಗೆ ಹಿಂದೀಲಿ ಬಾಪ್ ಅಂತಲೇ ಅಲ್ವಾ ಅನ್ನೋದು?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಖ್ಯಸ್ಥರಿಗೆ ಹಿಂದಿಯಲ್ಲಿ ವಿವರಿಸಿದೆ. ಇವರು ಹೇಳುವ ಅಪ್ಪ ದೇವರು; ನಿಮ್ಮಲ್ಲೂ ‘ಊಪರ್‌ವಾಲಾ ದೇಖ್ ರಹಾ ಹೈ’, ಮೇಲಿರುವವನು ನೋಡುತ್ತಿದ್ದಾನೆ ಅನ್ನುತ್ತೀರಿ, ನಿಮ್ಮನ್ನು ಯಾರೂ ಆಸ್ಪತ್ರೆಗೆ ಸೇರಿಸಿಲ್ಲ ಎಂದೆ. ಮನೆಯಲ್ಲಿ ಮಾತಿಗೆ ಜನವಿಲ್ಲ, ಸಾಸಿವೆ ಎಣ್ಣೆ ಗಂಟಲಲ್ಲಿ ಇಳಿಯುತ್ತಿಲ್ಲ, ಇದಕ್ಕೆ ಊರು ನೆನಪಾಗುವುದು ಅನ್ನುತ್ತಾರೆಯೇ ಹೊರತು ಹುಚ್ಚು ಅನ್ನುವುದಿಲ್ಲ ಎಂದೆ. ಅವರ ಮುಖದಲ್ಲಿ ಕಂಡದ್ದು ಪಶ್ಚಾತ್ತಾಪವಲ್ಲ, ಒಳ್ಳೆಯ ಕೇಸು ಕೈತಪ್ಪಿದ ಬೇಸರ. ಹಾಗಾದರೆ ಧಾರ್ಮಿಕ ಭ್ರಮೆ ಎಂದು ಬರೆಯೋಣ ಎಂದು ಪೆನ್ನು ತೆಗೆದರು.

ಬರೆದ ಕಾಗದವನ್ನು ರುಜುವಿಗೆಂದು ಗಂಡನ ಮುಂದೆ ಇಟ್ಟರು. ಮನೆಯವರ ರುಜುವಿಲ್ಲದೆ ಅವರು ಯಾರನ್ನೂ ಕಳಿಸುವಂತಿರಲಿಲ್ಲ. ನಂಜಪ್ಪ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ಆ ಕೋಣೆಗೆ ಬಂದ ಮೇಲೆ ಅವಳು ಮೊದಲ ಸಲ ನೆಟ್ಟಗೆ ಕೂತಿದ್ದಳು. ಅವನು ಎದ್ದು ಟೋಪಿ ಹಾಕಿಕೊಂಡ.

“ಸೈನ್ ಹಾಕಲ್ಲ ಸಾರ್” ಎಂದ, ಕನ್ನಡದಲ್ಲೇ. ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ.

ಅದಾದ ಮೇಲೆ ಮುಖ್ಯಸ್ಥರು ನನಗೆ ಸಲಹಾ ಕೇಂದ್ರದ ಬಾಗಿಲು ಮುಚ್ಚಿಸಿದರು, ಪ್ರಾಕ್ಟಿಕಲ್‌ನಲ್ಲಿ ಪಾಸಾಗುವಷ್ಟೇ ಅಂಕ ಕೊಟ್ಟರು. ಸಹಪಾಠಿಗಳು ನನ್ನನ್ನು ಕಂಡರೆ ‘ಬಾಪ್ ರೇ’ ಅನ್ನುವುದನ್ನು ರೂಢಿ ಮಾಡಿಕೊಂಡರು. ಭಾನುವಾರಗಳಲ್ಲಿ ನಾನು ಕ್ಯಾಂಪಿನ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಕಡಲೆಕಾಯಿ ಎಣ್ಣೆ ಹುಡುಕಿ ಕೊಂಡೊಯ್ದೆ, ಹಾಸ್ಟೆಲಿನ ಗಿಡದ ಕರಿಬೇವು ಕಿತ್ತು ಕೊಟ್ಟೆ. ರತ್ನಮ್ಮ ಹುರುಳಿಕಾಳಿನ ಸಾರು ಮಾಡಿದಳು, ತಾನೂ ಉಂಡಳು. ಮಾತೆಂದರೆ ಮಾತು; ಅವಳು ಹೇಳುವಳು, ನಾನು ಹೇಳುವೆ, ಇಬ್ಬರೂ ಒಟ್ಟಿಗೆ ಹೇಳುವೆವು. ಬಚ್ಚಲಿನಲ್ಲಿ ಒಬ್ಬಳೇ ಮಾತಾಡುವುದು ನನಗೆ ಬಿಟ್ಟುಹೋಯಿತು. ಹೆಂಡತಿ ಇಷ್ಟು ವಾಸಿಯಾದರೂ ನಂಜಪ್ಪನಿಗೆ ಸಮಾಧಾನವಿರಲಿಲ್ಲ. ಅವನನ್ನು ಗಡಿಯ ಕಡೆ ಹಾಕುವ ಸೂಚನೆ ಬಂದಾಗ, ಇವಳನ್ನು ಏನು ಮಾಡಲಿ ಎಂದು ನನ್ನ ಅಭಿಪ್ರಾಯ ಕೇಳಿದ. ಊರಿಗೆ ಕಳಿಸಿ, ಅವರಿಗೆ ಬೇಕಾಗಿರುವುದು ಅದೇ ಎಂದೆ. ಹೇಳುವಾಗ ನನ್ನ ಭಾನುವಾರಗಳು ಖಾಲಿಯಾಗುತ್ತವೆ ಎಂದು ಗೊತ್ತಿತ್ತು.

ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿತ್ತು. ಈ ಊರಿಗೆ ಉಗಿದು ಹೋಗುತ್ತೇನೆ ಎಂದು ಮನೆಗೆ ಎಸ್‌ಟಿಡಿ ಬೂತಿನಿಂದ ಎಷ್ಟು ಸಲ ಹೇಳಿದ್ದೆನೋ. ಆದರೆ ಇಲ್ಲಿನ ಒಂದು ಶಾಲೆಯಲ್ಲಿ ಆಪ್ತಸಲಹೆಯ ಕೆಲಸ ಸಿಕ್ಕಿತು, ನಾನು ಹೂಂ ಅಂದೆ. ಯಾಕೆ ಅಂದೆ ಎಂದು ಅಪ್ಪ ಕೇಳಿದರು, ಲೈನು ಸರಿಯಿಲ್ಲ ಎಂದು ಫೋನಿಟ್ಟೆ. ಹಗರೆಗೆ ಹೋದರೆ ಮಾತಿನ ನಡುವೆ ‘ಅಂದರೆ’ ಎನ್ನುವಲ್ಲಿ ‘ಮತ್ಲಬ್’ ಎಂದು ಬಾಯಿಗೆ ಬರುತ್ತದೆ, ಅಣ್ಣನ ಮಕ್ಕಳು ನಗುತ್ತವೆ. ಇಲ್ಲಿಗೆ ಬಂದರೆ ಈ ಊರಿನ ಕೊಳಕು, ಇಲ್ಲಿನವರ ಪೂರಾ ನಾಮ್, ಎಲ್ಲದಕ್ಕೂ ಇವರು ಹೇಳುವ ‘ಚಲ್ತಾ ಹೈ’, ನಡೆಯುತ್ತದೆ ಬಿಡಿ ಎಂಬ ಮಾತು, ನನ್ನನ್ನು ಸಿಟ್ಟಿಗೆಬ್ಬಿಸುತ್ತವೆ.

ರತ್ನಮ್ಮ ಹೊರಟ ದಿನ ಸ್ಟೇಷನ್ನಿಗೆ ಹೋಗಿದ್ದೆ. ರಜೆಯ ಮೇಲೆ ಊರಿಗೆ ಹೊರಟಿದ್ದ ನಮ್ಮ ಕಡೆಯ ಸಂಸಾರವೊಂದರ ಜೊತೆ ನಂಜಪ್ಪ ಅವಳನ್ನು ಕೂರಿಸಿದ್ದ. ಅವಳು ಕಿಟಕಿಯ ಸರಳುಗಳ ನಡುವಿನಿಂದ ಕೈ ಹಾಕಿ ನನ್ನ ಕೈ ಹಿಡಿದಿದ್ದಳು. ಓದು ಮುಗೀತಾ ಎಂದು ಕೇಳಿದಳು. ಮುಗೀತು ಎಂದೆ. ಹಂಗಾರೆ ಯಾವಾಗ ಬತ್ತೀಯ ಎಂದಳು. ಕೆಲಸ ಸಿಕ್ಕಿದೆ, ಇಲ್ಲೇ ಇರುತ್ತೇನೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತಮಾಷೆಯಿರಲಿಲ್ಲ, ನಿಜವಾದ ಕಾಳಜಿಯಿತ್ತು.

“ನಂಗೇನೂ ಆಗಿಲ್ಲ ಅಂತ ಆ ಸಾಹೇಬನ ಮುಂದೆ ನೀನೇ ಯೋಳ್ದೆ. ಸರಿ, ನಾನ್ ಹೊಂಟೆ. ನಿಂಗೇನಾಗೈತೆ ಕಣವ್ವ, ಇಲ್ಲೇ ಉಳ್ಕಂಡಿದೀಯಲ್ಲ?”

ರೈಲು ಹೊರಟಿತು. ನಾನು ಕೈ ಬಿಡಿಸಿಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ನಿಂತೆ. ಪಕ್ಕದಲ್ಲಿ ನಿಂತಿದ್ದ ಒಬ್ಬಾಕೆ, ಏನಂದರು ನಿಮ್ಮವರು ಎಂದು ಹಿಂದಿಯಲ್ಲಿ ಕೇಳಿದಳು. ಕ್ಷೇಮವಾಗಿರು ಅಂದರು ಎಂದೆ.