ಬಾಗಿಲು ಬಡಿದ ಮಾರ್ಲಿಸ್ ಮಿಸ್

ನಮ್ಮ ಶಾಲೆಯಲ್ಲಿ ಅಳು ಬಂದವರೆಲ್ಲ ಹೋಗುವುದು ಒಂದೇ ಕೋಣೆಗೆ. ಮಕ್ಕಳ ಮನಸ್ಸು ನೋಡಿಕೊಳ್ಳುವುದು ಮಾರ್ಲಿಸ್ ಟೊಲೆಫ್ಸನ್‌ಳ ಕೆಲಸ. ಆದರೆ ಅಲ್ಲಿ ಮಕ್ಕಳಿಗಿಂತ ಟೀಚರುಗಳೇ ಹೆಚ್ಚು ಅತ್ತಿದ್ದಾರೆ. ಗಂಡ ಬಿಟ್ಟುಹೋದ ವರ್ಷ ಎರಡನೇ ಕ್ಲಾಸಿನ ಟೀಚರ್ ಗ್ರೆಟಾ ಚಳಿಗಾಲವಿಡೀ ಊಟ ಮಾಡಿದ್ದು ಅಲ್ಲೇ. ಶಾಲೆಯ ಅಡುಗೆಮನೆಯಲ್ಲಿ ನನ್ನ ಕೆಲಸ, ಅಲ್ಲಿಂದ ತಟ್ಟೆ ಒಯ್ದು ಕೊಡುತ್ತಿದ್ದವಳೂ ನಾನೇ. ಮಾರ್ಲಿಸ್ ಹಸು ಸಾಕುವವರ ಮನೆಯ ಮಗಳು, ಮದುವೆಯಾಗಲಿಲ್ಲ, ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಬಾಯಿ ಜೋರು, ಅವಳದು ಮೆತ್ತಗೆ. ಹಾಗಾಗಿಯೇ ನಮ್ಮಿಬ್ಬರಿಗೂ ಸರಿಹೋಗಿತ್ತು.

ಬಂದೂಕು ಹಿಡಿದವನು ಒಳಗೆ ನುಗ್ಗಿದರೆ ಏನು ಮಾಡಬೇಕೆಂಬ ತಾಲೀಮು ನಮ್ಮಲ್ಲಿ ಆಗಾಗ ನಡೆಯುತ್ತದೆ. ‘ಲಾಕ್‌ಡೌನ್’ ಅಂದ ಕೂಡಲೇ ದೀಪ ಆರಿಸಿ, ಬೀಗ ಹಾಕಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದು. ಹಾಲುಹಲ್ಲಿನ ಮಕ್ಕಳಿಗೆ ಇದನ್ನು ಹೇಳಿಕೊಡುವ ಕರ್ಮ ಮಾರ್ಲಿಸ್‌ಳದು.

“ಯಾರಾದ್ರೂ ಬಾಗಿಲು ಬಡಿದ್ರೆ?”

“ತೆಗೀಬಾರ್ದು!”

“ನಾನೇ ಬಂದು ಬಡಿದ್ರೆ?”

“ತೆಗೀಬಾರ್ದು ಮಿಸ್!” ಮಕ್ಕಳು ನಕ್ಕು ಕೂಗುತ್ತಿದ್ದವು. ಅವರಿಗೆ ಅದೊಂದು ಆಟ.

ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಕ್ಲಾಸುಗಳಿಗೆ ಹಾಲು ಹಂಚುವ ಗಾಡಿ ತಳ್ಳಿಕೊಂಡು ಹೊರಟಿದ್ದೆ. ಅಮ್ಮ ಶಾಲೆಯಲ್ಲಿ ಬಿಟ್ಟು ಹೋದಳೆಂದು ಅತ್ತು ಅತ್ತು ಸುಸ್ತಾಗಿದ್ದ ಪುಟ್ಟ ಟೆಸಾಳನ್ನು ಕೈಹಿಡಿದು ಮಾರ್ಲಿಸ್ ಎದುರಿಗೆ ಬಂದಳು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಹೊಸ ಹೆಡ್‌ಮಾಸ್ಟರರ ದನಿ: “ಲಾಕ್‌ಡೌನ್. ಎಲ್ಲರೂ ಬಾಗಿಲು ಹಾಕ್ಕೊಳ್ಳಿ.”

‘ಇದು ತಾಲೀಮು’ ಅನ್ನುವ ಮಾತಿಗೆ ಕಾದೆವು. ಯಾವಾಗಲೂ ಅದು ಬರುತ್ತದೆ. ಈ ಸಲ ಬರಲಿಲ್ಲ.

ಕಾರಿಡಾರಿನುದ್ದಕ್ಕೂ ಬೀಗಗಳು ಬಿದ್ದ ಸದ್ದು. ಮಾರ್ಲಿಸ್ ಮಗುವನ್ನು ಎತ್ತಿಕೊಂಡು ಗ್ರೆಟಾಳ ಬಾಗಿಲಿಗೆ ಓಡಿದಳು.

“ಗ್ರೆಟಾ, ನಾನು ಕಣೇ, ಮಾರ್ಲಿಸ್. ಮಗು ಇದೆ ನನ್ನ ಹತ್ರ. ತೆಗಿ.”

ಒಳಗೆ ಯಾರೋ ಬಿಕ್ಕಿದರು. ತಕ್ಷಣ ಆ ಬಿಕ್ಕು ನಿಂತಿತು. ಯಾರೋ ಬಾಯಿಗೆ ಕೈ ಅಡ್ಡ ಇಟ್ಟಿರಬೇಕು.

“ದಮ್ಮಯ್ಯ ಗ್ರೆಟಾ, ಮಗುನಾದ್ರೂ ಒಳಗೆ ತಗೋ!” ಮಾರ್ಲಿಸ್ ಮಗುವನ್ನು ಕೆಳಗಿಳಿಸಿ ಎರಡೂ ಅಂಗೈಯಲ್ಲಿ ಬಾಗಿಲು ಬಡಿಯುತ್ತಿದ್ದಳು. ಆ ಕಿರುಚಾಟ ಅವಳದೆಂದು ನನಗೇ ನಂಬಲಾಗಲಿಲ್ಲ.

“ನಿನ್ನ ಮನೆ ಹಾಳಾಗ!” ನಾನೂ ಅರಚಿದೆ. “ಇಡೀ ಚಳಿಗಾಲ ಅವಳ ಕೋಣೇಲಿ ಕೂತು ತಿಂದೆಯಲ್ಲೇ!”

ಕಾರಿಡಾರಿನ ಆ ತುದಿಯಲ್ಲಿ ಬೂಟುಗಳ ಸದ್ದಾಯಿತು. ಮಾರ್ಲಿಸ್ ಟೆಸಾಳನ್ನು ಗಾಡಿಯ ಹಿಂದೆ ನೂಕಿ ಮೇಲೆ ಬಿದ್ದುಕೊಂಡಳು. ನಾನು ಅವಳ ಮೇಲೆ. ಮಗು ಉಚ್ಚೆ ಹೊಯ್ದುಕೊಂಡಿತ್ತು. ಬೂಟುಗಳು ಹತ್ತಿರ ಬಂದು ನಿಂತವು. ನಾನು ಕಣ್ಣು ಬಿಡಲೇ ಇಲ್ಲ.

“ಅಯ್ಯೋ, ನೀವ್ಯಾಕೆ ಇಲ್ಲಿದ್ದೀರಿ?” ಹೆಡ್‌ಮಾಸ್ಟರು! ಬಾಗಿಲುಗಳನ್ನು ಪರೀಕ್ಷಿಸಲು ಬಂದಿದ್ದರು. ನಮ್ಮ ಮುಖ ನೋಡಿ ಬಿಳಿಚಿಕೊಂಡರು. “ತಾಲೀಮು ಅಂತ... ಹೇಳಲಿಲ್ವಾ ನಾನು?”

ಹಾಲಿನ ಕ್ರೇಟು ಅವರ ತಲೆಗೆ ಎತ್ತಿಹಾಕದೆ ಬಿಟ್ಟಿದ್ದೇ ಅವರ ಪುಣ್ಯ.

ಮಧ್ಯಾಹ್ನ ಗ್ರೆಟಾ ಮಾರ್ಲಿಸ್‌ಳ ಕೋಣೆಯ ಹೊರಗೇ ನಿಂತಿದ್ದಳು. “ನಿನ್ನ ದನಿ ಗೊತ್ತಾಯ್ತು. ಗೊತ್ತಿದ್ದೂ ತೆಗೀಲಿಲ್ಲ,” ಅಂದಳು.

“ಸರಿಯಾಗೇ ಮಾಡ್ದೆ. ಬಾ, ಕೂತ್ಕೋ,” ಅಂದಳು ಮಾರ್ಲಿಸ್. ನನಗೆ ಗ್ರೆಟಾಳ ಮುಖ ನೋಡಲು ಮನಸ್ಸಾಗಲಿಲ್ಲ, ನಿಜ ಹೇಳುತ್ತೇನೆ.

ಮರುದಿನ ಗ್ರೆಟಾಳ ಮಕ್ಕಳನ್ನು ಸಮಾಧಾನ ಮಾಡಲು ಮಾರ್ಲಿಸ್ ಹೋದಳು. ನಾನು ಅಲ್ಲೇ ಹಾಲು ಇಳಿಸುತ್ತಿದ್ದೆ. ಮಾರ್ಲಿಸ್ ಮಕ್ಕಳಿಗೆ, ನೀವೆಲ್ಲ ಜಾಣರು, ಬಾಗಿಲು ತೆಗೆಯಲಿಲ್ಲ, ನನಗೆ ಸ್ವಲ್ಪವೂ ಬೇಜಾರಿಲ್ಲ ಅಂತ ಹೇಳಿದಳು. ಅವಳು ಎದ್ದು ಹೊರಟಾಗ ಸಿಗ್ನಿ ಎಂಬ ಹುಡುಗಿ ಬಂದು ಅವಳ ಸೊಂಟ ತಬ್ಬಿಕೊಂಡಳು.

“ನಾನು ತೆಗೀಬೇಕು ಅಂತ ಹೋಗಿದ್ದೆ ಮಿಸ್. ಗ್ರೆಟಾ ಮಿಸ್ ಹಿಡ್ಕೊಂಡ್‌ಬಿಟ್ರು.” ಆಮೇಲೆ ಗುಟ್ಟು ಹೇಳುವ ದನಿಯಲ್ಲಿ, “ಮುಂದಿನ ಸಲ ತೆಗೀತೀನಿ.”

ಮಾರ್ಲಿಸ್ ಮೊಣಕಾಲೂರಿ ಅವಳ ಎದುರು ಕೂತಳು. ಹಿಂದಿನ ದಿನವೂ ಮಾರ್ಲಿಸ್‌ಳ ಮುಖ ಹಾಗೆ ಆಗಿರಲಿಲ್ಲ.

“ತೆಗೀಬಾರ್ದು ಪುಟ್ಟಿ. ನಾನು ಅತ್ರೂ ತೆಗೀಬಾರ್ದು. ಆಣೆ ಮಾಡು.”

ಸಿಗ್ನಿ ಅವಳ ಕೆನ್ನೆ ಸವರಿದಳು. ಆಣೆ ಮಾತ್ರ ಮಾಡಲಿಲ್ಲ.